ಬಿಲ್ಲು ಬರೆಯುವವನ ಪಗಾರದ ಚೀಟಿ ಎಲ್ಲಿ?

ಬೀದರಿನ ಗಾಂಧಿ ಗಂಜಿನಲ್ಲಿಯೇ ಆಗಲಿ, ಭಾಲ್ಕಿಯ ಪೇಟೆಯಲ್ಲಿಯೇ ಆಗಲಿ, ಔರಾದಿನ ಕಿರಾಣಿ ಅಂಗಡಿಗಳಲ್ಲಿಯೇ ಆಗಲಿ, ಒಂದು ಚೀಲ ಮಾಲು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಬೇಕಾದರೆ ಯಾರಾದರೂ ಬಿಲ್ಲು ಬರೆಯಲೇಬೇಕು. ಚೀಲ ಹೊತ್ತ ಹಮಾಲನ ಬೆನ್ನು ಊರ ಕಣ್ಣಿಗೆ ಬೀಳುತ್ತದೆ. ಬಿಲ್ಲು ಬರೆದವನ ಬಗ್ಗಿದ ಬೆನ್ನು ಯಾರ ಕಣ್ಣಿಗೂ ಬೀಳುವುದಿಲ್ಲ. ಹಿಂದೆ ಇವನನ್ನು ಮುನೀಮನೆಂದರು, ಗುಮಾಸ್ತನೆಂದರು. ಇಂದು ಎದುರಿಗೊಂದು ಕಂಪ್ಯೂಟರ್ ಇಟ್ಟು ಬಿಲ್ಲಿಂಗ್ ಮ್ಯಾನೇಜರ್ ಎಂದು ಕರೆಯುತ್ತಿದ್ದಾರೆ. ಹೆಸರು ದೊಡ್ಡದಾಯಿತು, ಪಗಾರವೂ ದೊಡ್ಡದಾಯಿತೇ? ಊರಿಗೆಲ್ಲ ಚೀಟಿ ಬರೆದುಕೊಡುವ ಈ ಮನುಷ್ಯನ ಕೈಯಲ್ಲಿ ತನ್ನ ಪಗಾರದ ಚೀಟಿ ಇದೆಯೇ? ಈ ವಾರ ನಾವು ಕೇಳಬಯಸುವ ಪ್ರಶ್ನೆ ಇಷ್ಟೇ.

ಮೊದಲು ಅವನ ಕೆಲಸವೇನೆಂಬುದನ್ನು ನೋಡೋಣ. ನಮ್ಮದು ಮೂರು ರಾಜ್ಯಗಳು ಕೂಡುವ ಜಿಲ್ಲೆ. ನಿಜಾಮನ ಕಾಲದಿಂದಲೂ ಇಲ್ಲಿಯ ಪೇಟೆ ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕನ್ನೂ ಆಡಿದೆ. ಗಿರಾಕಿಯ ಮಾತು ತಿಳಿಯದವನಿಗೆ ಗಲ್ಲೆಯ ಹಿಂದೆ ಸ್ಥಳವಿಲ್ಲ. 1956ರ ನವೆಂಬರ್ 1ಕ್ಕೆ ಮುಂಚೆ ಉದಗೀರವೂ ಜಹೀರಾಬಾದೂ ಬೀದರ ಜಿಲ್ಲೆಯೊಳಗೇ ಇದ್ದವು. ಇಂದು ಒಂದು ಮಹಾರಾಷ್ಟ್ರದಲ್ಲಿದೆ, ಇನ್ನೊಂದು ತೆಲಂಗಾಣದಲ್ಲಿದೆ. ಭಾಲ್ಕಿಗೆ ಹೋಗುವ ಮಾಲಿಗೆ ಒಂದು ಬಗೆಯ ತೆರಿಗೆ ಬರೆಯಬೇಕು, ಉದಗೀರಕ್ಕೆ ಹೋಗುವ ಅದೇ ಮಾಲಿಗೆ ಇನ್ನೊಂದು ಬಗೆಯದು. 2017ರ ಜುಲೈ 1ರಂದು ಜಿಎಸ್‌ಟಿ ಬಂದಿತು. 2018ರ ಏಪ್ರಿಲ್ 1ರಿಂದ ಸಾಗಾಣಿಕೆಯ ಇ-ವೇ ಬಿಲ್ಲು ಬಂದಿತು. 2023ರ ಆಗಸ್ಟ್‌ನಿಂದ ವರ್ಷಕ್ಕೆ 5 ಕೋಟಿ ರೂಪಾಯಿ ಮೀರಿದ ವಹಿವಾಟುದಾರರು ಇತರ ವ್ಯಾಪಾರಿಗಳಿಗೆ ಬರೆಯುವ ಬಿಲ್ಲನ್ನು ಸರಕಾರದ ಜಾಲದಲ್ಲಿ ನೋಂದಾಯಿಸಬೇಕಾಯಿತು. 2025ರ ಸೆಪ್ಟೆಂಬರ್ 22ರಿಂದ ತೆರಿಗೆಯ ದರಗಳೇ ಬದಲಾದವು. ಪ್ರತಿಯೊಂದು ಬದಲಾವಣೆಯೂ ಬಂದು ಕುಳಿತದ್ದು ಈ ಒಬ್ಬನ ಹೆಗಲ ಮೇಲೆ. ತಿಂಗಳ ಲೆಕ್ಕ ಕೊಡುವ ಅಂಗಡಿಯಲ್ಲಿ 11ನೆಯ ತಾರೀಖಿಗೆ ಮಾರಾಟದ ಪಟ್ಟಿ ಹೋಗಬೇಕು, 20ಕ್ಕೆ ತೆರಿಗೆಯ ಲೆಕ್ಕ ಹೋಗಬೇಕು. ಹಬ್ಬವಿರಲಿ, ಜ್ವರವಿರಲಿ, ತಾರೀಖು ಕಾಯುವುದಿಲ್ಲ.

ಅವನು ತಪ್ಪಿದರೆ ಪೆಟ್ಟು ಯಾರಿಗೆ? 2022ರ ಜನವರಿ 1ರಿಂದ ಒಂದು ನಿಯಮ ಜಾರಿಯಲ್ಲಿದೆ. ಮಾರಿದವನು ತನ್ನ ಪಟ್ಟಿಯಲ್ಲಿ ಬಿಲ್ಲನ್ನು ಸೇರಿಸದಿದ್ದರೆ, ಕೊಂಡವನು ತಾನು ಕೊಟ್ಟ ತೆರಿಗೆಯನ್ನು ತನ್ನ ಬಾಕಿಯಲ್ಲಿ ಮುರಿದುಕೊಳ್ಳುವಂತಿಲ್ಲ. ಎಂದರೆ ಬೀದರಿನ ಠೋಕು ಅಂಗಡಿಯಲ್ಲಿ ರಾತ್ರಿ ಹತ್ತು ಗಂಟೆಗೆ ದಣಿದ ಕಣ್ಣೊಂದು ಬಿಟ್ಟ ಒಂದು ಸಾಲು ಔರಾದಿನ ಸಣ್ಣ ವ್ಯಾಪಾರಿಯ ಗಂಟಿಗೆ ಕತ್ತರಿಯಾಗುತ್ತದೆ. 2025ರ ಜುಲೈಯಲ್ಲಿ ಯುಪಿಐ ಜಮೆಗಳನ್ನು ಹಿಡಿದು ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳಿಸಿದಾಗ ಎದ್ದ ಗದ್ದಲವನ್ನು ಯಾರೂ ಮರೆತಿಲ್ಲ. ಬಂದ ಹಣದಲ್ಲಿ ಮಾರಾಟದ್ದೆಷ್ಟು, ಕೈಗಡದ್ದೆಷ್ಟು, ತೆರಿಗೆಯಿಲ್ಲದ ಮಾಲಿನದೆಷ್ಟು ಎಂದು ಬೇರ್ಪಡಿಸಿ ತೋರಿಸಬಲ್ಲ ಲೆಕ್ಕವಿದ್ದವರು ಉತ್ತರ ಕೊಡಬಲ್ಲವರಾದರು. ಲೆಕ್ಕವಿಲ್ಲದವರು ಕೈ ಕೈ ಹಿಸುಕಿಕೊಂಡರು. ಬಿಲ್ಲು ಬರೆಯುವವನ ಬೆಲೆ ಏನೆಂಬುದನ್ನು ಪೇಟೆಗೆ ಇದಕ್ಕಿಂತ ಚೆನ್ನಾಗಿ ಯಾವ ಉಪನ್ಯಾಸವೂ ಕಲಿಸಲಾರದು.

ಇಷ್ಟಾದ ಮೇಲೆ ಇವನ ಪಗಾರ ಯಾವುದರ ಮೇಲೆ ನಿಂತಿದೆ? ಊರಿನ ಮೇಲೆ ನಿಂತಿದೆ. ಹೈದರಾಬಾದಿನಲ್ಲಿ ಒಂದು, ಬೀದರಿನಲ್ಲಿ ಒಂದು, ರೈಲು ಕಾಣದ ಔರಾದ ಪಟ್ಟಣದಲ್ಲಿ ಮತ್ತೊಂದು. ವಹಿವಾಟಿನ ಗಾತ್ರದ ಮೇಲೆ ನಿಂತಿದೆ. ಕಲಿತ ವಿದ್ಯೆಯ ಮೇಲೆ, ತೆರಿಗೆಯ ತಿಳಿವಳಿಕೆಯ ಮೇಲೆ, ಎಷ್ಟು ವರ್ಷ ದುಡಿದನೆಂಬುದರ ಮೇಲೆ ನಿಂತಿದೆ. ಕೈಯಲ್ಲಿ ಹಾಯುವ ರೊಕ್ಕದ ಜವಾಬ್ದಾರಿಯ ಮೇಲೆ ನಿಂತಿದೆ. ಇವುಗಳಿಗೆ ನಮ್ಮ ಆಕ್ಷೇಪವಿಲ್ಲ. ಹೆಚ್ಚು ಬಲ್ಲವನಿಗೆ ಹೆಚ್ಚು ಸಿಗಲಿ. ಆದರೆ ಯಾರೂ ಬಾಯಿ ಬಿಟ್ಟು ಹೇಳದ ಇನ್ನೆರಡು ಅಳತೆಗಳಿವೆ. ಒಂದು, ಇವನು ಯಾರ ಪೈಕಿ, ಯಾರ ಚೀಟಿ ತಂದವನು ಎಂಬುದು. ಎರಡು, ಗಲ್ಲೆಯ ಹಿಂದೆ ಕುಳಿತವರು ಗಂಡಸೋ ಹೆಂಗಸೋ ಎಂಬುದು. ಬಟ್ಟೆ ಅಂಗಡಿಯಲ್ಲಿ, ಔಷಧದ ಅಂಗಡಿಯಲ್ಲಿ, ಆಸ್ಪತ್ರೆಯ ಕೌಂಟರಿನಲ್ಲಿ ಇಂದು ನಮ್ಮ ಅಕ್ಕತಂಗಿಯರು ಬಿಲ್ಲು ಮಾಡುತ್ತಿದ್ದಾರೆ. ಒಂದೇ ಕೆಲಸಕ್ಕೆ ಒಂದೇ ವೇತನವೆಂದು ದೇಶ 1976ರಲ್ಲೇ ಕಾಯಿದೆ ಮಾಡಿತು. ಕಂಪ್ಯೂಟರಿನ ಗುಂಡಿಗೆ ಒತ್ತಿದ ಬೆರಳು ಯಾರದೆಂದು ತಿಳಿಯುವುದಿಲ್ಲ. ಪಗಾರ ಎಣಿಸುವ ಕೈಗೆ ಮಾತ್ರ ಏಕೆ ತಿಳಿಯಬೇಕು?

ಇನ್ನು ಮ್ಯಾನೇಜರ್ ಎಂಬ ಪದವಿಯ ಗುಟ್ಟು. ಇದು ಬರಿಯ ಗೌರವದ ಮಾತಲ್ಲ. 1947ರ ಕೈಗಾರಿಕಾ ವಿವಾದ ಕಾಯಿದೆ ಆಡಳಿತದ ಕೆಲಸ ಮಾಡುವವರನ್ನು ಕಾರ್ಮಿಕರ ಪಟ್ಟಿಯಿಂದ ಹೊರಗಿಟ್ಟಿತ್ತು. ಅದರ ಸ್ಥಾನಕ್ಕೆ ಬಂದಿರುವ ಹೊಸ ಸಂಹಿತೆಯೂ ಹೊರಗೇ ಇಟ್ಟಿದೆ. ಗುಮಾಸ್ತನನ್ನು ಮ್ಯಾನೇಜರನೆಂದು ಕರೆದುಬಿಟ್ಟರೆ, ಅವನನ್ನು ಕೆಲಸದಿಂದ ತೆಗೆದಾಗ ಕೇಳುವ ದಾರಿಯೇ ಮುಚ್ಚಿತೆಂದು ಕೆಲವರು ಭಾವಿಸಿದ್ದಾರೆ. ಅವರಿಗೆ ಸರ್ವೋಚ್ಚ ನ್ಯಾಯಾಲಯ ಹಿಂದೆಯೇ ಉತ್ತರ ಕೊಟ್ಟಿದೆ. ಪಂಜಾಬ್ ಸಹಕಾರಿ ಬ್ಯಾಂಕಿನ ಒಬ್ಬ ಲೆಕ್ಕಿಗನ ಮೊಕದ್ದಮೆಯಲ್ಲಿ 1975ರಲ್ಲಿ ಅವನು ಕಾರ್ಮಿಕನೇ ಎಂದಿತು. 1985ರಲ್ಲಿ ಸೀಬಾ ಗೈಗಿ ಕಂಪನಿಯ ಮೊಕದ್ದಮೆಯಲ್ಲಿ, ಮನುಷ್ಯನ ಮುಖ್ಯ ಕೆಲಸ ಯಾವುದೆಂದು ನೋಡಬೇಕು, ನಡುನಡುವೆ ಮಾಡುವ ಅಲ್ಪಸ್ವಲ್ಪ ಮೇಲ್ವಿಚಾರಣೆಯಿಂದ ಅವನ ಸ್ವರೂಪ ಬದಲಾಗದು ಎಂದು ಸ್ಪಷ್ಟಪಡಿಸಿತು. ಆದ್ದರಿಂದ ಬಿಲ್ಲಿಂಗ್ ಮ್ಯಾನೇಜರ್ ಬಂಧುಗಳು ತಮ್ಮನ್ನು ತಾವೇ ಕೇಳಿಕೊಳ್ಳಲಿ: ಒಬ್ಬನನ್ನು ಕೆಲಸಕ್ಕೆ ತೆಗೆದುಕೊಳ್ಳುವ ಅಧಿಕಾರ ನಮಗಿದೆಯೇ? ಒಬ್ಬರಿಗೆ ರಜೆ ಕೊಡಬಲ್ಲೆವೇ? ಉದ್ರಿ ಕೊಡುವುದೋ ಬಿಡುವುದೋ ನಾವು ತೀರ್ಮಾನಿಸಬಲ್ಲೆವೇ? ಮೂರಕ್ಕೂ ಇಲ್ಲವೆಂಬುದೇ ಉತ್ತರವಾದರೆ, ಕುರ್ಚಿಯ ಮೇಲಿನ ಹೆಸರು ಏನೇ ಇರಲಿ, ನಾವು ದುಡಿಮೆಗಾರರೇ.

2025ರ ನವೆಂಬರ್ 21ರಂದು ಕೇಂದ್ರ ಸರಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. ಅವುಗಳಲ್ಲಿ ಕಾರ್ಮಿಕರ ಕೈ ಕಟ್ಟುವ ಅಂಶಗಳಿವೆಯೆಂದು ಸಂಘಗಳು ಹೋರಾಡುತ್ತಿವೆ. ಅದು ಬೇರೆ ಲೇಖನದ ಮಾತು. ಆದರೆ ವೇತನ ಸಂಹಿತೆಯಲ್ಲಿ ನಮಗೆ ಒದಗುವ ಕೆಲವು ಹಿಡಿಗಳಿವೆ, ಅವನ್ನು ಬಿಡಬಾರದು. ಅದರಲ್ಲಿ ನೌಕರನೆಂದರೆ ಗುಮಾಸ್ತನೂ ಹೌದು, ಮೇಲ್ವಿಚಾರಕನೂ ಹೌದು, ಮ್ಯಾನೇಜರನೂ ಹೌದು. ಮಾಲೀಕನು ಪಗಾರದ ಚೀಟಿ ಕೊಡಲೇಬೇಕು. ತಿಂಗಳ ಪಗಾರ ಮುಂದಿನ ತಿಂಗಳ 7ನೆಯ ತಾರೀಖಿನೊಳಗೆ ಕೈಸೇರಬೇಕು. ಕೆಲಸ ಬಿಟ್ಟವನ ಅಥವಾ ಬಿಡಿಸಲ್ಪಟ್ಟವನ ಬಾಕಿ ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಆಗಬೇಕು. ಎಲ್ಲ ಕಡಿತಗಳೂ ಸೇರಿ ಪಗಾರದ ಅರ್ಧವನ್ನು ಮೀರಕೂಡದು. ಗಲ್ಲೆಯಲ್ಲಿ ರೊಕ್ಕ ಕಡಿಮೆ ಬಿದ್ದಿತೆಂದು ಸುಮ್ಮನೆ ಮುರಿದುಕೊಳ್ಳುವಂತಿಲ್ಲ. ಅದು ಇವನ ಅಲಕ್ಷ್ಯದಿಂದಲೇ ನೇರವಾಗಿ ಆದದ್ದಾಗಿರಬೇಕು, ಮುರಿಯುವ ಮುನ್ನ ಇವನ ಮಾತು ಕೇಳಿರಬೇಕು. ಬಾಕಿಯ ತಕರಾರನ್ನು ಮೂರು ವರ್ಷದೊಳಗೆ ಸಲ್ಲಿಸಬಹುದು. ಕೊಟ್ಟಿದ್ದೇನೆಂದು ರುಜುವಾತು ಮಾಡುವ ಹೊಣೆ ಮಾಲೀಕನದು.

ಹೆಚ್ಚುವರಿ ಗಂಟೆಗಳ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಶಾಲೆಯ ಹುಡುಗನೂ ಮಾಡಬಲ್ಲ ಲೆಕ್ಕ. ದಿನಕ್ಕೆ 8 ಗಂಟೆಯಂತೆ ವಾರಕ್ಕೆ ಆರು ದಿನ ದುಡಿದರೆ 48 ಗಂಟೆ. ಬೆಳಿಗ್ಗೆ ಹತ್ತಕ್ಕೆ ಕುಳಿತು ರಾತ್ರಿ ಹತ್ತಕ್ಕೆ ಏಳುವವನದು 72 ಗಂಟೆ. ಹೆಚ್ಚು ದುಡಿದದ್ದು 24 ಗಂಟೆ. ಕನಿಷ್ಠ ವೇತನ ನಿಗದಿಯಾದ ಉದ್ಯೋಗದಲ್ಲಿ ಹೆಚ್ಚುವರಿ ಗಂಟೆಗೆ ಎರಡರಷ್ಟು ದರವೆಂಬುದು ಕಾನೂನು. 24 ಗಂಟೆಗೆ ಎರಡರಷ್ಟೆಂದರೆ 48 ಗಂಟೆಯ ಪಗಾರ. ಎಂದರೆ, ದಿನವೂ ಹನ್ನೆರಡು ಗಂಟೆ ದುಡಿದು ಒಂದೇ ಪಗಾರ ಪಡೆಯುವವನು ಇನ್ನೊಂದು ಪೂರ್ತಿ ಪಗಾರವನ್ನು ಅಂಗಡಿಯಲ್ಲೇ ಬಿಟ್ಟು ಮನೆಗೆ ಹೋಗುತ್ತಿದ್ದಾನೆ! ಊರಿನ ಬಾಕಿಯನ್ನೆಲ್ಲ ಪೈಸೆ ಬಿಡದೆ ಎಣಿಸುವವನು ತನ್ನ ಬಾಕಿಯನ್ನು ಎಣಿಸಿಲ್ಲ.

ಸಣ್ಣ ವ್ಯಾಪಾರಿ ಬಂಧುಗಳು ಇಲ್ಲಿ ಕೇಳಬಹುದು: ನಮಗೇ ದಿನ ಸಾಗುವುದು ಕಷ್ಟ, ನೀವು ನಮ್ಮ ಮೇಲೆ ಇನ್ನೊಂದು ಹೊರೆ ಹೊರಿಸುತ್ತೀರಾ? ಇಲ್ಲ. ತಾನೇ ತೂಗಿ, ತಾನೇ ಬರೆದು, ತಾನೇ ಬಾಗಿಲು ಹಾಕುವ ವ್ಯಾಪಾರಿಯನ್ನು ಯಾರೂ ಸಾವ್ಕಾರನೆನ್ನುವುದಿಲ್ಲ. ಅವನೂ ದುಡಿದು ತಿನ್ನುವವನೇ. ನಮ್ಮ ಮಾತು ಹತ್ತಾರು ಮಂದಿಯನ್ನಿಟ್ಟುಕೊಂಡು ಕೋಟಿಗಟ್ಟಲೆ ವಹಿವಾಟು ನಡೆಸುವವರಿಗೆ. ಆದರೆ ಒಂದು ಚೀಟಿ ಬರೆದುಕೊಡಲು ಕೋಟಿ ಬೇಕಿಲ್ಲ, ಒಂದು ಕಾಗದ ಸಾಕು. ಪಗಾರ ಇಷ್ಟು, ಗಂಟೆ ಇಷ್ಟು, ಮುಂಗಡ ಇಷ್ಟು ಎಂದು ಬರೆದ ಅಂಗಡಿಯಲ್ಲಿ ಜಗಳ ಕಡಿಮೆ. ಕಲಿತ ಕೈ ಹೈದರಾಬಾದಿನ ಬಸ್ಸು ಹತ್ತುವುದೂ ಕಡಿಮೆ. ಹೊಸಬನನ್ನು ತಂದು ಕಲಿಸುವವರೆಗೆ ಆಗುವ ತಪ್ಪುಗಳ ದಂಡ ಕಟ್ಟುವುದಕ್ಕಿಂತ ಹಳಬನಿಗೆ ನ್ಯಾಯವಾದ ಪಗಾರ ಕೊಡುವುದು ಅಗ್ಗವೆಂದು ಯಾವ ಜಾಣ ವ್ಯಾಪಾರಿಗೂ ತಿಳಿದೀತು.

ಗಿರಣಿ, ಕಾರ್ಖಾನೆಗಳ ಕಾರ್ಮಿಕ ಬಂಧುಗಳಿಗೂ ಒಂದು ಮಾತು. ಬಿಳಿ ಅಂಗಿ ತೊಟ್ಟ ಗುಮಾಸ್ತ ಮಾಲೀಕನ ಕಡೆಯವನೆಂಬ ಭಾವನೆ ನಮ್ಮಲ್ಲಿ ಹಳೆಯದು. ನಾನು ಕೂಲಿಯವನಲ್ಲ, ಆಫೀಸಿನವನು ಎಂಬ ಬಿಂಕ ಅವನಲ್ಲೂ ಹಳೆಯದು. ಈ ಎರಡರ ನಡುವೆ ಲಾಭ ಪಡೆದವನು ಮೂರನೆಯವನು. ಸಕ್ಕರೆ ಉದ್ಯಮಕ್ಕೆ 1957ರಲ್ಲಿ ನೇಮಕವಾದ ವೇತನ ಮಂಡಳಿಯ ವ್ಯಾಪ್ತಿಯಲ್ಲಿ ಯಂತ್ರದ ಕೆಲಸಗಾರರೊಡನೆ ಗುಮಾಸ್ತರೂ ಇದ್ದರು. ಅಂಥ ದರ್ಜೆ, ಅಂಥ ಶ್ರೇಣಿ ಪೇಟೆಯ ಗುಮಾಸ್ತನಿಗೆ ಏಕಿಲ್ಲ? ಕಾರ್ಖಾನೆಯಲ್ಲಿ ಸಂಘವಿತ್ತು, ಅಂಗಡಿಯಲ್ಲಿ ಇರಲಿಲ್ಲ, ಉತ್ತರ ಅಷ್ಟೇ. ಊರು, ವಿದ್ಯೆ, ಅನುಭವ ಇವೆಲ್ಲ ಪಗಾರವನ್ನು ಸ್ವಲ್ಪ ಏರಿಸಿಯಾವು, ಸ್ವಲ್ಪ ಇಳಿಸಿಯಾವು. ಅದು ಕುಸಿಯದಂತೆ ತಳಕ್ಕೆ ಕಲ್ಲು ಹಾಕುವುದು ಒಗ್ಗಟ್ಟು ಮಾತ್ರ.

ಆದ್ದರಿಂದ ನಮ್ಮ ಬೇಡಿಕೆಗಳು ಸರಳವಾಗಿವೆ. ಬೀದರ, ಭಾಲ್ಕಿ, ಔರಾದಗಳ ಪ್ರತಿಯೊಂದು ಅಂಗಡಿ, ಆಸ್ಪತ್ರೆ, ಗೋದಾಮಿನಲ್ಲಿ ಬಿಲ್ಲು ಬರೆಯುವವರಿಗೆ ತಿಂಗಳು ತಿಂಗಳು ಪಗಾರದ ಚೀಟಿ ಸಿಗಲಿ. ಹತ್ತು ಮಂದಿ ದುಡಿಯುವಲ್ಲಿ ನೇಮಕದ ಪತ್ರ ಸಿಗಲಿ, ಐದು ವರ್ಷ ತುಂಬಿದವರ ಗ್ರಾಚ್ಯುಟಿ ಲೆಕ್ಕಕ್ಕೆ ಬರಲಿ. ಇಪ್ಪತ್ತು ಮಂದಿ ಇರುವಲ್ಲಿ ಭವಿಷ್ಯ ನಿಧಿ ಕಟ್ಟಲಿ. ಹೆಣ್ಣುಮಕ್ಕಳಿಗೆ ಸಮಾನ ಪಗಾರ ಸಿಗಲಿ. ಕಾರ್ಮಿಕ ಇಲಾಖೆಯವರು ಪ್ರತಿವರ್ಷ ಏಪ್ರಿಲ್‌ನಲ್ಲಿ ಬದಲಾಗುವ ತುಟ್ಟಿಭತ್ಯೆ ಸಹಿತ ಕನಿಷ್ಠ ವೇತನದ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚು ಮಾಡಿಸಿ ಮೂರೂ ಪೇಟೆಗಳಲ್ಲಿ ಅಂಟಿಸಲಿ. ಮರಾಠಿ, ಉರ್ದು ಓದುವವರಿಗೆ ಆ ಭಾಷೆಗಳಲ್ಲೂ ಕೊಡಲಿ. ಬಿಲ್ಲಿಂಗ್ ಬಂಧುಗಳು ಇಂದಿನಿಂದಲೇ ಒಂದು ಚಿಕ್ಕ ವಹಿ ಇಡಲಿ. ಬಂದ ಗಂಟೆ, ಹೋದ ಗಂಟೆ, ಕೈಗೆ ಬಂದ ರೊಕ್ಕ, ಮುರಿದ ರೊಕ್ಕ ಎಲ್ಲವನ್ನೂ ದಿನವೂ ಬರೆದಿಡಲಿ. ಲೆಕ್ಕ ಬರೆಯುವುದನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ಇಷ್ಟು ದಿನ ಪರರ ಲೆಕ್ಕ ಬರೆದರು. ಇನ್ನು ತಮ್ಮದನ್ನೂ ಬರೆಯಲಿ, ನಾಲ್ಕು ಜನ ಕೂಡಿ ಬರೆಯಲಿ.