ಕೊನೇ ಎರಡು ನಿಮಿಷ ಮಕ್ಕಳದ್ದು

ರಿಂಕ್ ಕಟ್ಟೆ | ಭಾಗ 7

ಇಲ್ಲಿ ಕೆನಡಾದಲ್ಲಿ ಮಕ್ಕಳನ್ನ ಐಸ್ ಹಾಕಿಗೆ ಸೇರಿಸಿದ ಕನ್ನಡದ ಅಪ್ಪ-ಅಮ್ಮಂದಿರು ಮೊದಲ ವರ್ಷ ಕೇಳೋ ಪ್ರಶ್ನೆ ಇದು: “ಬೋರ್ಡಲ್ಲಿ ಇನ್ನೂ ನಾಲ್ಕು ನಿಮಿಷ ಇದೆಯಲ್ಲ, ಮ್ಯಾಚ್ ಯಾಕ್ರೀ ಮುಗಿಸಿಬಿಟ್ರು?”

ಐಸ್ ಬಾಡಿಗೆದು, ಅದಕ್ಕೆ. ಊರಲ್ಲಿ ಛತ್ರ ಬುಕ್ ಮಾಡಿದ ಹಾಗೆ. ನಮ್ಮ ಕೊನೇ ಪಂಕ್ತಿ ಎದ್ದಿರಲಿ ಬಿಡಲಿ, ಮುಂದಿನ ಮದುವೆಯವರು ಪಾತ್ರೆ-ಪಗಡ ಇಳಿಸ್ಕೊಂಡು ಬಾಗಿಲಲ್ಲಿ ನಿಂತಿರ್ತಾರೆ.

ಲೆಕ್ಕ ನೋಡಿ. ಸ್ಲಾಟ್ 60 ನಿಮಿಷ ಅಂದ್ಕೊಳ್ಳಿ. ವಾರ್ಮ್-ಅಪ್ 3. ಪೀರಿಯಡ್‌ಗಳು 10, 10, 12, ಒಟ್ಟು 32. ಆಫ್‌ಸೈಡ್, ಐಸಿಂಗ್, ಗೋಲಿ ಪಕ್ ಹಿಡಿದದ್ದು, ಹೀಗೆ 50 ಸಲ ವಿಸಿಲ್ ಬಿದ್ದು, ಪ್ರತಿ ಸಲ ಗಡಿಯಾರ 25 ಸೆಕೆಂಡ್ ನಿಂತ್ರೆ ಅದೇ 21 ನಿಮಿಷ. ಅಲ್ಲಿಗೆ 56 ಆಯ್ತು. ಪೀರಿಯಡ್ ಮಧ್ಯದ ಬಿಡುವು, ಕೊನೆಗೆ ಕೈ ಕುಲುಕೋದು ಸೇರಿಸಿ. ಒಂದು ಮಗು ಬಿದ್ದು ಟ್ರೇನರ್ ಐಸ್ ಮೇಲೆ ಬಂದ್ರೆ ಲೆಕ್ಕ ಪೂರ್ತಿ ಹಳ್ಳ ಹಿಡೀತು.

ಐಸ್ ಸರಿಮಾಡೋಕೂ ಸಮಯ ಬೇಕು. 1949ರಲ್ಲಿ ಫ್ರಾಂಕ್ ಝಾಂಬೋನಿ ಕ್ಯಾಲಿಫೋರ್ನಿಯಾದಲ್ಲಿ ತನ್ನ ಯಂತ್ರ ತಯಾರಿಸೋಕೆ ಮುಂಚೆ ಆ ಕೆಲಸಕ್ಕೆ ಗಂಟೆಗೂ ಹೆಚ್ಚು ಹಿಡೀತಿತ್ತು. ಈಗ ಹತ್ತು ನಿಮಿಷ. ಆ ಹತ್ತು ನಿಮಿಷ ನಾವು ನುಂಗಿದ್ರೆ, ರಾತ್ರಿ 9ಕ್ಕೆ ಆಡೋಕೆ ಬಂದ ಮಕ್ಕಳ ನಿದ್ದೆಗೆಡುತ್ತೆ.

ಹಾಗಾಗಿ ಟೈಮ್ ಲಿಮಿಟ್ ಬೇಕೇ ಬೇಕು. ನನ್ನ ತಕರಾರು ಎಲ್ಲಿ ಕತ್ತರಿ ಹಾಕ್ತೀವಿ ಅನ್ನೋದ್ರ ಬಗ್ಗೆ.

ಹಠಾತ್ತಾಗಿ ಹಾರ್ನ್ ಹೊಡೆದು ಮುಗಿಸೋ ಪದ್ಧತಿ ಇದ್ರೆ, ಒಂದು ಗೋಲ್ ಮುಂದಿರೋ ತಂಡಕ್ಕೆ ಆಟವೇ ಬೇಡ. ಲೈನ್ ಬದಲಾವಣೆ ನಿಧಾನ, ಫೇಸ್-ಆಫ್‌ಗೆ ಬರೋದು ನಿಧಾನ, ಇದ್ದಕ್ಕಿದ್ದಂತೆ ಎಲ್ಲರ ಸ್ಕೇಟ್ ಲೇಸೂ ಸಡಿಲ! ಬೇಕಂತ ತಡ ಮಾಡಿದ್ರೆ ಪೆನಾಲ್ಟಿ ಕೊಡೋಕೆ ನಿಯಮ ಇದೆ ನಿಜ. ಆದ್ರೆ ಎಷ್ಟೋ ಮ್ಯಾಚಲ್ಲಿ ರೆಫರಿಯೇ ಹೈಸ್ಕೂಲ್ ಹುಡುಗ. ಕೋಚ್ ಎದುರು ಅವನು ಎಷ್ಟು ಅಂತ ನಿಲ್ತಾನೆ? ಈ ಕಡೆ ಸೋಲ್ತಿರೋ ತಂಡ ಗೋಲಿಯನ್ನ ಹೊರಗೆ ಕರ್ಕೊಂಡು ಆರನೇ ಆಟಗಾರನನ್ನ ಇಳಿಸ್ಬೇಕು ಅಂದ್ರೆ, ಕೊನೇ ನಿಮಿಷ ಯಾವುದು ಅಂತ ಗೊತ್ತಿರಬೇಕಲ್ವಾ?

“ಹಾಗಾದ್ರೆ ಗಡಿಯಾರ ನಿಲ್ಲಿಸಲೇಬೇಡಿ” ಅಂತಾರೆ ಕೆಲವರು. ಆರೇಳು ಗೋಲ್ ಅಂತರ ಇದ್ದಾಗ ಸರಿ, ಸೋಲ್ತಿರೋ ಮಕ್ಕಳಿಗೂ ಅದೇ ಒಳ್ಳೇದು. ಆದ್ರೆ ಸಮಬಲದ ಮ್ಯಾಚಲ್ಲಿ 2 ನಿಮಿಷದ ಪೆನಾಲ್ಟಿಯಲ್ಲಿ ಅರ್ಧ, ಎಲ್ಲರೂ ಸಾಲಾಗಿ ನಿಲ್ಲೋದ್ರಲ್ಲೇ ಕಳೆದುಹೋಗುತ್ತೆ. ತಪ್ಪು ಮಾಡಿದವರಿಗೇ ಲಾಭ.

ನಾನು ಹೇಳೋದು ಇಷ್ಟೇ: ಮೂರನೇ ಪೀರಿಯಡ್ ಶುರುವಾಗೋ ಮುಂಚೆ ಗೋಡೆ ಗಡಿಯಾರ ನೋಡಿ. ಸ್ಲಾಟಲ್ಲಿ 14 ನಿಮಿಷ ಉಳಿದಿದೆ ಅನ್ನಿ. ಕೈ ಕುಲುಕೋಕೆ 1, ನಿಲ್ಲಿಸಿ-ನಿಲ್ಲಿಸಿ ಆಡೋ ಕೊನೇ 2 ನಿಮಿಷಕ್ಕೆ ಅಂತ 5 ಎತ್ತಿಡಿ. ಮಿಕ್ಕಿದ್ದು 8. ಬೋರ್ಡಲ್ಲಿ 12ರ ಬದಲು 10 ಹಾಕಿ: ಮೊದಲ 8 ಓಡೋ ಗಡಿಯಾರ, ಕೊನೇ 2 ವಿಸಿಲ್‌ಗೆ ನಿಲ್ಲೋ ಗಡಿಯಾರ. ಇಬ್ಬರು ಕೋಚ್‌ಗಳಿಗೂ ಆಗಲೇ ಹೇಳಿ. ಹೋಗೋ ಎರಡು ನಿಮಿಷ ಎಲ್ಲರ ಕಣ್ಣೆದುರೇ ಹೋಗುತ್ತೆ. ಇದನ್ನ ಸೀಸನ್ ಶುರುವಿಗೇ ಬರೆದಿಟ್ರೆ ಆ ರೆಫರಿ ಹುಡುಗನ ಮೇಲೆ ಯಾರೂ ಕೂಗಾಡೋಕೂ ಆಗಲ್ಲ.

ಕೊನೇ 2 ನಿಮಿಷಕ್ಕೆ ಎತ್ತಿಟ್ಟ 5 ನಿಮಿಷವೂ ಸಾಲದಿದ್ರೆ? ಆಗ ಹಾರ್ನ್ ಹೊಡೀರಿ. ಅದನ್ನೂ ಮೊದಲೇ ಹೇಳಿರಿ. ಆದ್ರೆ ಅದು ಅಪರೂಪಕ್ಕೆ ಆಗಬೇಕು, ಪ್ರತಿ ಶನಿವಾರ ಅಲ್ಲ.

ಸೋತದ್ದನ್ನ ಮಕ್ಕಳು ಬೇಗ ಮರೀತಾರೆ. ಇನ್ನೊಂದು ಶಿಫ್ಟ್ ಇದೆ ಅಂತ ಬೆಂಚ್ ಮೇಲೆ ಕಾಯ್ತಾ ಕೂತಿದ್ದು, ಅದು ಬರದೇ ಹೋದದ್ದನ್ನ ಬೇಗ ಮರೆಯಲ್ಲ.

ನಿಮ್ಮ ಲೀಗಲ್ಲಿ ಯಾವ ಪದ್ಧತಿ ಇದೆ? ಕಾಮೆಂಟಲ್ಲಿ ಹೇಳಿ. ಗೊತ್ತಿಲ್ಲ ಅಂದ್ರೆ ಮುಂದಿನ ಪೋಷಕರ ಮೀಟಿಂಗಲ್ಲಿ ಕೈ ಎತ್ತಿ ಕೇಳಿ.

#ರಿಂಕ್‌ಕಟ್ಟೆ #ಮಕ್ಕಳಐಸ್‌ಹಾಕಿ #ಕೆನಡಾಕನ್ನಡಿಗರು