ಚಂದಾ ಎತ್ತುವ ಮೊದಲು ಕಾರ್ಡ್ ಮಾಡಿಸೋಣ

ಕೆಲವು ತಿಂಗಳ ಹಿಂದೆ ಇಂಡಿಯಿಂದ ನಮಗೊಂದು ಫೋನ್ ಬಂತು. ನಮ್ಮ ಮದ್ರಸದಲ್ಲಿ ಓದಿ ಹೋದ ಹುಡುಗ, ಈಗ ಅಲ್ಲಿ ಸಣ್ಣ ಬೇಕರಿ ಇಟ್ಟುಕೊಂಡಿದ್ದಾನೆ. "ಉಸ್ತಾದರೇ, ಬಾಪನಿಗೆ ಎದೆನೋವು ಬಂತು. ಹತ್ತಿರ ಅಂತ ಸೊಲ್ಲಾಪುರಕ್ಕೆ ಕರ್ಕೊಂಡು ಹೋದೆ. ಎರಡು ಸ್ಟೆಂಟ್ ಹಾಕಿದ್ರು. ಬಿಲ್ಲು ಕಟ್ಟಲಿಕ್ಕೆ ಆಗ್ತಾ ಇಲ್ಲ. ಜುಮಾ ದಿನ ಮಸೀದಿಯಲ್ಲಿ ಒಂದು ಮಾತು ಹೇಳ್ತೀರಾ?" ಹೇಳಿದೆವು. ಜನ ಕೈಲಾದಷ್ಟು ಕೊಟ್ಟರು. ಆದರೂ ಅರ್ಧ ಬಿಲ್ಲಿಗೂ ಸಾಲಲಿಲ್ಲ. ಉಳಿದದ್ದಕ್ಕೆ ಹೆಂಡತಿಯ ಬಳೆ ಅಡವಿಗೆ ಹೋಯಿತು.

ಆಮೇಲೆ ನಾವು ಕೇಳಿದೆವು: "ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದೆಯಲ್ಲ, ಆಯುಷ್ಮಾನ್ ಕಾರ್ಡ್ ಮಾಡಿಸಲಿಲ್ಲವಾ?" ಅವನೆಂದ: "ಅದು ಬಂಟ್ವಾಳದ ರೇಷನ್ ಕಾರ್ಡ್ ಅಲ್ವಾ, ಇಲ್ಲಿ ನಡೆಯುವುದಿಲ್ಲ ಅಂದ್ಕೊಂಡೆ."

ನಡೆಯುತ್ತದೆ. ಅದನ್ನು ಹೇಳಲಿಕ್ಕೇ ಈ ವಾರದ ಮಾತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ದುಡಿಯುವ ನಮ್ಮವರೂ, ಊರಲ್ಲಿ ಕೂತು ಅವರ ಫೋನಿಗೆ ಕಾಯುವ ಮನೆಯವರೂ ಇದನ್ನು ಓದಬೇಕು.

2018ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ಆರೋಗ್ಯ ಕರ್ನಾಟಕ ಯೋಜನೆ ಶುರು ಮಾಡಿತು. ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಅದು ಸೇರಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಡೆಸುತ್ತದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಸರಕಾರ ನಿಗದಿ ಮಾಡಿದ ದರದ ಶೇ. 30ರಷ್ಟು ಸಿಗುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಕಂತು ಕಟ್ಟಬೇಕಾಗಿಲ್ಲ. ಕಾರ್ಡ್ ಯಾವ ಜಿಲ್ಲೆಯದ್ದಾದರೂ ರಾಜ್ಯದೊಳಗಿನ ನೋಂದಾಯಿತ ಆಸ್ಪತ್ರೆಯಲ್ಲಿ ನಡೆಯುತ್ತದೆ.

ಮಾಡಿಸುವುದು ಕಷ್ಟವಲ್ಲ. ಆಧಾರ್, ರೇಷನ್ ಕಾರ್ಡ್, ಒಟಿಪಿ ಬರುವ ಮೊಬೈಲ್ ಹಿಡಿದು ಗ್ರಾಮ ಒನ್ ಕೇಂದ್ರಕ್ಕೆ ಹೋಗಿ. ಮನೆಯ ಒಬ್ಬರಿಗೆ ಮಾಡಿಸಿದರೆ ಸಾಲದು, ಪ್ರತಿಯೊಬ್ಬರಿಗೂ ಬೇರೆ ಬೇರೆ ಕಾರ್ಡ್.

ತೊಡಕು ಬರುವುದು ರೇಷನ್ ಕಾರ್ಡಿನಲ್ಲಿ. ಮದುವೆಯಾಗಿ ಐದು ವರ್ಷವಾದರೂ ಸೊಸೆಯ ಹೆಸರು ತವರಿನ ಕಾರ್ಡಿನಲ್ಲೇ ಇರುತ್ತದೆ. ಮಗು ಶಾಲೆಗೆ ಹೋಗುತ್ತಿದ್ದರೂ ಕಾರ್ಡಿನಲ್ಲಿ ಹೆಸರೇ ಇಲ್ಲ. ಆಧಾರ್‌ನಲ್ಲಿ ಮುಹಮ್ಮದ್, ರೇಷನ್ ಕಾರ್ಡಿನಲ್ಲಿ ಮಹಮ್ಮದ್. ಆಸ್ಪತ್ರೆಯ ಕೌಂಟರಿನಲ್ಲಿ ನಿಂತಾಗ ಇದನ್ನೆಲ್ಲ ಸರಿ ಮಾಡಲಿಕ್ಕಾಗುವುದಿಲ್ಲ. ಮೈ ಚೆನ್ನಾಗಿರುವಾಗಲೇ ತಾಲೂಕಿನ ಆಹಾರ ಶಾಖೆಗೆ ಹೋಗಿ ಸರಿಪಡಿಸಿ.

ಚಿಕಿತ್ಸೆಗೆ ಹೋಗುವ ದಾರಿಯೂ ಗೊತ್ತಿರಲಿ. ತುರ್ತು ಅಲ್ಲದ ಕಾಯಿಲೆಗೆ ಮೊದಲು ಸರಕಾರಿ ಆಸ್ಪತ್ರೆ. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರ ರೆಫರಲ್ ಚೀಟಿ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆ. ಜೀವಕ್ಕೆ ಅಪಾಯವಿರುವ ತುರ್ತಿನಲ್ಲಿ ಚೀಟಿ ಬೇಡ, ನೇರ ಹೋಗಬಹುದು. ಒಳಗೆ ಹೋದ ಕೂಡಲೇ "ಆರೋಗ್ಯ ಮಿತ್ರ ಎಲ್ಲಿದ್ದಾರೆ?" ಅಂತ ಕೇಳಿ. ಕಾರ್ಡ್ ಮಾಡಿಸಿರದಿದ್ದರೂ ಆಧಾರ್, ರೇಷನ್ ಕಾರ್ಡ್ ತೋರಿಸಿ ಅವರನ್ನೇ ವಿಚಾರಿಸಿ. ಮುಂಗಡ ಕಟ್ಟುವ ಮೊದಲು ಈ ಮಾತು ಆಗಬೇಕು.

ಗಡಿಯ ವಿಷಯವೂ ಇದೆ. ಇಂಡಿಯವರಿಗೆ ಸೊಲ್ಲಾಪುರ ಹತ್ತಿರ, ನಿಜ. ಆದರೆ ಅದು ಮಹಾರಾಷ್ಟ್ರ. ನಮ್ಮ ರಾಜ್ಯದ ಎಲ್ಲ ಕಾರ್ಡೂ ಅಲ್ಲಿ ನಡೆಯುತ್ತದೆಂದು ನಂಬಿ ಹೊರಡಬೇಡಿ. ಮೊದಲು 104 ಅಥವಾ 14555ಕ್ಕೆ ಫೋನ್ ಮಾಡಿ ಕೇಳಿ. ವಿಜಯಪುರದಲ್ಲಿ ಜಿಲ್ಲಾಸ್ಪತ್ರೆ ಇದೆ, ಅದನ್ನು ಮರೆಯಬೇಡಿ.

ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಶುರುವಾಗಿ ನಡುವೆ ನಿಂತಿದ್ದ ಯೋಜನೆ 2023ರ ಜನವರಿಯಿಂದ ಮತ್ತೆ ನಡೆಯುತ್ತಿದೆ. ಮತ್ತೆ ಆರಂಭವಾದಾಗ ಗ್ರಾಮೀಣ ಭಾಗದ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ನಗರದವರಿಗೆ 1,000 ರೂಪಾಯಿ ಇಟ್ಟಿದ್ದರು. ಇದಕ್ಕೂ ಮಿತಿ 5 ಲಕ್ಷ. ಪ್ರತಿವರ್ಷ ನೋಂದಣಿಗೆ ಗಡುವು ಇರುತ್ತದೆ, ಸಂಘದ ಕಾರ್ಯದರ್ಶಿಯನ್ನು ಕೇಳುತ್ತಿರಬೇಕು. ಹತ್ತು ಜನ ಅಥವಾ ಹೆಚ್ಚು ಕೆಲಸಗಾರರಿರುವ ಹೋಟೆಲು, ಅಂಗಡಿಗಳಲ್ಲಿ 21,000 ರೂಪಾಯಿವರೆಗೆ ಸಂಬಳದವರಿಗೆ ಇಎಸ್‌ಐ ಹಕ್ಕು. ಮಾಲೀಕರು ನಮ್ಮವರೇ ಆಗಿದ್ದರೆ ಹೇಳುವುದೇನೆಂದರೆ, ಹುಡುಗರನ್ನು ಅದರಲ್ಲಿ ಸೇರಿಸಿ.

ಈ ಯಾವುದಕ್ಕೂ ಸೇರದವರು, ಗಲ್ಫ್‌ನಿಂದ ವಾಪಸು ಬಂದು ಅಲ್ಲಿನ ಕಂಪೆನಿಯ ವಿಮೆ ಕಳಕೊಂಡವರು, ಖಾಸಗಿ ವಿಮೆ ನೋಡುತ್ತಾರೆ. 2020ರ ಏಪ್ರಿಲ್‌ನಿಂದ ಆರೋಗ್ಯ ಸಂಜೀವಿನಿ ಎಂಬ ಒಂದೇ ನಮೂನೆಯ ಪಾಲಿಸಿಯನ್ನು ಆರೋಗ್ಯ ವಿಮಾ ಕಂಪೆನಿಗಳೆಲ್ಲ ಕೊಡಬೇಕೆಂಬ ನಿಯಮವಿದೆ. 2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿ ಮತ್ತು ಕುಟುಂಬದ ಪಾಲಿಸಿಗಳ ಕಂತಿಗೆ ಜಿಎಸ್‌ಟಿ ಇಲ್ಲ. ಅರ್ಜಿಯಲ್ಲಿ ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಬರೆಯಿರಿ. ಏಜೆಂಟ್ "ಅದೆಲ್ಲ ಬರೆಯೋದು ಬೇಡ" ಅಂದರೆ ಕೇಳಬೇಡಿ. ಮುಚ್ಚಿಟ್ಟರೆ ನಾಳೆ ಹಣ ನಿರಾಕರಿಸಲಿಕ್ಕೆ ಅದೇ ಕಾರಣ. ಹೇಳಿದ ಹಳೆಯ ಕಾಯಿಲೆಗೆ ಹೆಚ್ಚೆಂದರೆ ಮೂರು ವರ್ಷ ಕಾಯಬೇಕು. ಪಾಲಿಸಿ ಕೈಗೆ ಬಂದ ಮೇಲೆ ಓದಿ ನೋಡಿ, ಬೇಡವೆನಿಸಿದರೆ 30 ದಿನದೊಳಗೆ ಹಿಂದಿರುಗಿಸಬಹುದು.

ಇಲ್ಲೊಂದು ಪ್ರಶ್ನೆ ಬರುತ್ತದೆ: "ವಿಮೆ ನಮಗೆ ಜಾಇಝಾ?" ಕಂತು ಕಟ್ಟುವ ವಾಣಿಜ್ಯ ವಿಮೆಯ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಬಡ್ಡಿ ಮತ್ತು ಅನಿಶ್ಚಿತತೆ ಅದಕ್ಕೆ ಕಾರಣ. ಮಲೇಷ್ಯಾ 1984ರಲ್ಲೇ ತಕಾಫುಲ್‌ಗೆ ಕಾನೂನು ಮಾಡಿಕೊಂಡಿತು. ನೀವು ನಂಬುವ ಆಲಿಮರನ್ನು ಕೇಳಿ ನಿರ್ಧರಿಸಿ. ಆದರೆ ಆಯುಷ್ಮಾನ್ ಕಾರ್ಡಿಗೆ ಕಂತೇ ಇಲ್ಲ. ಅದು ಸರಕಾರ ತನ್ನ ಪ್ರಜೆಗಳಿಗೆ ಕೊಡುವ ನೆರವು. ವಿಮೆಯ ಚರ್ಚೆಯನ್ನು ಇದಕ್ಕೂ ಎಳೆದು ಮನೆಯಲ್ಲಿ ಸುಮ್ಮನೆ ಕೂತರೆ ಅದು ತವಕ್ಕುಲ್ ಅಲ್ಲ, ಬರೀ ಉದಾಸೀನ.

ಜಮಾಅತ್ ಕಮಿಟಿಗಳಲ್ಲಿ ನಮ್ಮದೊಂದು ವಿನಂತಿ. ತಿಂಗಳಿಗೊಂದು ಶುಕ್ರವಾರ ಜುಮಾ ಮುಗಿದ ಮೇಲೆ ಮಸೀದಿ ಅಂಗಳದಲ್ಲಿ ಒಂದು ಮೇಜು ಹಾಕಿ. ಓದಿದ ಇಬ್ಬರು ಮಕ್ಕಳನ್ನು ಕೂರಿಸಿ. ಯಾವ ಮನೆಯಲ್ಲಿ ಕಾರ್ಡ್ ಇಲ್ಲ, ಯಾವ ಸೊಸೆಯ ಹೆಸರು ಸೇರಿಲ್ಲ ಎಂದು ಬರೆದುಕೊಳ್ಳಲಿ. ದೂರದೂರಲ್ಲಿ ದುಡಿಯುವವರ ಹೆಸರೂ ಆ ಪಟ್ಟಿಯಲ್ಲಿರಲಿ.

ಚಂದಾ ಎತ್ತುವುದು ನಿಲ್ಲಬಾರದು. ಯೋಜನೆಗೆ ಸಿಗದ ಕಾಯಿಲೆ, ಕಾರ್ಡೇ ಇಲ್ಲದ ಅನಾಥರು ಯಾವತ್ತೂ ಇರುತ್ತಾರೆ. ಆ ಹಣ ಅವರಿಗೆ ಉಳಿಯಲಿ. ಆ ಹುಡುಗ ಈಗ ಮನೆಯ ಆರೂ ಜನರಿಗೆ ಕಾರ್ಡ್ ಮಾಡಿಸಿದ್ದಾನೆ. ಬಳೆ ಇನ್ನೂ ಬಿಡಿಸಿಕೊಂಡಿಲ್ಲ.