ಹೆಣ್ಣುಮಕ್ಕಳೂ ಊರ ಕಾಲುದಾರಿಯೂ

ನಮ್ಮ ಕರಾವಳಿಯ ಗ್ರಾಮಗಳಲ್ಲಿ ಹಳೆಯ ಕಾಲುದಾರಿಗಳನ್ನು ಊರವರು ತಾವೇ ದುಡಿದು ನೆಟ್ಟಗೆ ಮಾಡಬೇಕೆಂಬದೂ, ಆ ಕೆಲಸದಲ್ಲಿ ಶಾಲೆಯ ಹುಡುಗಿಯರಿಗೆ ಪಾಲು ಸಲ್ಲಬೇಕೆಂಬದೂ ನನ್ನ ಅಭಿಪ್ರಾಯವು. ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಹೋಗಿ, ಬುತ್ತಿಯನ್ನುಂಡು, ಚಿತ್ರಗಳನ್ನು ತೆಗೆದುಕೊಂಡು ಮರಳುವ ವನವಿಹಾರವು ನಮ್ಮಲ್ಲಿ ಉಂಟು. ಅದರಲ್ಲಿ ಸಂತೋಷವಿಲ್ಲವೆಂದು ಹೇಳಲಾರೆನು. ಆದರೆ ನಡೆದ ದಾರಿಗೆ ಒಂದು ಕಲ್ಲನ್ನಾದರೂ ಇಟ್ಟು ಬಾರದವರು ಆ ಗುಡ್ಡಕ್ಕೆ ಬರೇ ನೆಂಟರೇ ಸರಿ.

ಗುಡ್ಡ ಹತ್ತುವದು ಹೆಣ್ಣುಮಕ್ಕಳಿಗೆ ತಕ್ಕದ್ದಲ್ಲವೆಂದು ಕೆಲವು ತಾಯಿತಂದೆಗಳು ಇಂದಿಗೂ ಭಾವಿಸುವರು. ಅವರ ಅಜ್ಜಿಯಂದಿರು ಇದನ್ನು ಕೇಳಿದ್ದರೆ ನಕ್ಕಾರು. ಸೊಪ್ಪು, ತರಗೆಲೆ, ಸೌದೆಗಳ ಹೊರೆಯನ್ನು ತಲೆಯ ಮೇಲಿಟ್ಟು ನಡೆದು ಆ ದಾರಿಗಳನ್ನು ಉಳಿಸಿದವರು ಸ್ತ್ರೀಯರೇ. ಅಡಿಗೆಯ ಅನಿಲವು ಮನೆಮನೆಗೆ ಬಂದ ಮೇಲೆ ಹೊರೆಯು ಇಳಿಯಿತು, ಇಳಿದದ್ದು ಒಳ್ಳೇದೇ. ಆದರೆ ದಾರಿಯು ಲಂಟಾನಕ್ಕೂ, ನಮ್ಮವರು ಕಮ್ಯುನಿಸ್ಟ್ ಗಿಡವೆಂದು ಕರೆಯುವ ಪರದೇಶದ ಕಳೆಗೂ ಪಾಲಾಯಿತು. (ಅದು ಹಬ್ಬುವ ವೇಗವನ್ನು ಕಂಡು ಹೆಸರಿಟ್ಟವರು ರಾಜಕೀಯವನ್ನೂ ಬಲ್ಲವರಾಗಿರಬೇಕು.)

ಇದು ವಿಹಾರದ ಮಾತು ಮಾತ್ರವಲ್ಲ. 2022ರ ಆಗಸ್ಟ್ ತಿಂಗಳಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಪುಟ್ಟ ಬಾಲಿಕೆಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ನೀರಿನ ಪಾಲಾದಳು. ಮಳೆಗಾಲದಲ್ಲಿ ದಾರಿ ಕೆಟ್ಟರೆ ಮೊದಲು ಶಾಲೆಯನ್ನು ತಪ್ಪಿಸಿಕೊಳ್ಳುವವಳು ಮನೆಯ ಹುಡುಗಿಯೇ ಎಂಬದನ್ನು ಉಪಾಧ್ಯಾಯಿನಿಯರು ಬಲ್ಲರು. ಸೇತುವೆ ಕಟ್ಟುವದು ಇಂಜಿನಿಯರರ ಕೆಲಸ. 1989ರಲ್ಲಿ ಸುಳ್ಯದ ಬಳಿಯ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ತೂಗುಸೇತುವೆ ಕಟ್ಟಿ, ಬಳಿಕ ಅಂಥ ನೂರಕ್ಕೂ ಮಿಕ್ಕ ಸೇತುವೆಗಳನ್ನು ನಿರ್ಮಿಸಿದ ಗಿರೀಶ್ ಭಾರದ್ವಾಜರಿಗೆ 2017ರಲ್ಲಿ ಪದ್ಮಶ್ರೀ ದೊರೆತದ್ದು ಯೋಗ್ಯವೇ. ಆದರೆ ಸೇತುವೆಯ ಎರಡೂ ತುದಿಗಳಲ್ಲಿ ದಾರಿಯು ಬೇಕಲ್ಲವೇ? ಅದಕ್ಕೆ ಗುದ್ದಲಿ, ಹಾರೆ, ಕತ್ತಿಗಳೂ ಒಂದಷ್ಟು ಜನರೂ ಸಾಕು.

ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬೀಳುವ ನಮ್ಮ ಸೀಮೆಯಲ್ಲಿ ದಾರಿಗೆ ವೈರಿಯು ನೀರೇ. ಗುಡ್ಡಕ್ಕೆ ನೆಟ್ಟಗೆ ಹತ್ತಿಸಿದ ದಾರಿಯು ಮಳೆಗಾಲ ಮುಗಿಯುವದರೊಳಗೆ ತೋಡಾಗುವದು. ಆದಕಾರಣ ಅದನ್ನು ಓರೆಯಾಗಿ, ಸುತ್ತಿ ಬಳಸಿ ಒಯ್ಯತಕ್ಕದ್ದು. ದಾರಿಯ ಮೈಯು ತಗ್ಗಿನ ಕಡೆಗೆ ಕೊಂಚ ಇಳಿಜಾರಾಗಿದ್ದರೆ ನೀರು ನಿಲ್ಲದೆ ಹರಿದುಹೋಗುವದು. ಕಡಿದಾದಲ್ಲಿ ದಾರಿಗೆ ಅಡ್ಡಲಾಗಿ, ಸ್ವಲ್ಪ ಓರೆಯಾಗಿ, ಮುರಕಲ್ಲುಗಳನ್ನು ಆಳವಾಗಿ ಹುಗಿದರೆ ನೀರು ಆ ಕಲ್ಲುಗಳನ್ನು ಹಿಡಿದು ಬದಿಗೆ ಇಳಿಯುವದು. ಕೆಸರಿದ್ದಲ್ಲಿ ಜನರು ಅಂಚಿನ ಹುಲ್ಲನ್ನು ತುಳಿಯುತ್ತಾರೆ. ಹುಲ್ಲು ಸಾಯುತ್ತದೆ, ಕೆಸರು ಅಗಲವಾಗುತ್ತದೆ. ಇದನ್ನು ಒಮ್ಮೆ ಕೈಯಿಂದ ಮಾಡಿ ನೋಡಿದ ಹುಡುಗಿಗೆ ಭೂಗೋಳದ ಪುಸ್ತಕದಲ್ಲಿ ಮಣ್ಣಿನ ಸವಕಳಿಯ ಪಾಠವನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಸ್ವಯಂಸೇವೆಯಿಂದ ದೊಡ್ಡ ದಾರಿಯು ಬಾಳದೆಂದು ಸಂಶಯಪಡುವವರು ಅಮೇರಿಕ ದೇಶದ ಅಪಲಾಚಿಯನ್ ಕಾಲುದಾರಿಯನ್ನು ವಿಚಾರಿಸಲಿ. 1921ರಲ್ಲಿ ಬೆಂಟನ್ ಮೆಕೈ ಎಂಬವರು ಅದನ್ನು ಸೂಚಿಸಿದರು. 1937ರಲ್ಲಿ ಅದು ಪೂರ್ತಿಯಾಯಿತು. ಸುಮಾರು 3,500 ಕಿಲೋಮೀಟರ್ ಉದ್ದದ ಆ ದಾರಿಯ ಆರೈಕೆಯು ಇಂದಿಗೂ ಬಹಳಮಟ್ಟಿಗೆ ಸ್ವಯಂಸೇವಕರ ಕೈಯಲ್ಲಿದೆ. 1955ರಲ್ಲಿ 11 ಮಕ್ಕಳ ತಾಯಿಯಾದ ಎಮ್ಮಾ ಗೇಟ್‌ವುಡ್ ಎಂಬವರು, ತಮ್ಮ 67ನೆಯ ವಯಸ್ಸಿನಲ್ಲಿ, ಬಟ್ಟೆಯ ಚೀಲವೊಂದನ್ನು ಹೆಗಲಿಗೇರಿಸಿ ಅದನ್ನು ಒಬ್ಬಂಟಿಗರಾಗಿ ನಡೆದು ಮುಗಿಸಿದರು. ದಾರಿಯು ಹಲವೆಡೆ ಹಾಳಾಗಿದೆಯೆಂದು ಪತ್ರಿಕೆಯವರ ಮುಂದೆ ಸಂಕೋಚವಿಲ್ಲದೆ ಹೇಳಿದರು ಕೂಡಾ. ಆ ಮಾತೇ ನನಗೆ ಅವರ ನಡಿಗೆಗಿಂತ ಹೆಚ್ಚು ಮೆಚ್ಚಿಕೆಯಾದದ್ದು.

ಕೆಲಸವಾದ ಮೇಲೆ ನಡಿಗೆ ಇರಲಿ. ದೂರದ ಶಿಖರವೇ ಬೇಕೆಂದಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಜನರು ಒಮ್ಮೆಲೇ ಕಿಕ್ಕಿರಿದುದರಿಂದ ಅರಣ್ಯ ಇಲಾಖೆಯು ಚಾರಣವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ನಮ್ಮ ಹಿತ್ತಿಲಿನಾಚೆಯ ಪದವುಗಳನ್ನು ಬಂಜರೆಂದು ತಿಳಿದಿರುವೆವು. ಮಳೆಗಾಲದ ಕೊನೆಯಲ್ಲಿ ಆ ಕೆಂಪುಕಲ್ಲಿನ ಮೇಲೆ ಬೆರಳುದ್ದದ ನೇರಿಳೆ ಹೂಗಳು ಹಾಸಿದಂತೆ ಅರಳುವವು; ಅವುಗಳ ಬಳಿಯಲ್ಲೇ, ಎಲೆಯ ಅಂಟಿನಿಂದ ಹುಳಗಳನ್ನು ಹಿಡಿದು ತಿನ್ನುವ ಪುಟ್ಟ ಸಸ್ಯಗಳೂ ಉಂಟು. ಮೊಣಕಾಲೂರಿ ನೋಡುವ ವ್ಯವಧಾನ ಬೇಕು, ಅಷ್ಟೇ.

ಹೊಸ ದಾರಿಯನ್ನು ಕಡಿಯುವದು ಬೇಡ. ಅರಣ್ಯದ ನೆಲವಾದರೆ ಇಲಾಖೆಯ ಅಪ್ಪಣೆಯೂ, ಖಾಸಗಿ ನೆಲವಾದರೆ ಯಜಮಾನರ ಒಪ್ಪಿಗೆಯೂ ಬೇಕು. ಹಾವು, ಉಂಬುಳಗಳ ಭಯವಿದ್ದ ತಾಯಂದಿರು ಮಗಳೊಡನೆ ತಾವೂ ಬರಲಿ. ಹಳೆವಿದ್ಯಾರ್ಥಿನಿಯರಿಂದ ಬೇಕಾದದ್ದು ಚಂದಾಹಣಕ್ಕಿಂತಲೂ ಅವರ ನೆನಪು. ನಾವು ಬಾಲ್ಯದಲ್ಲಿ ಶಾಲೆಗೆ ಬಂದ ಒಳದಾರಿಗಳಲ್ಲಿ ಹಲವು ಯಾವ ನಕ್ಷೆಯಲ್ಲಿಯೂ ಇಲ್ಲ. ತೋಡನ್ನು ಎಲ್ಲಿ ದಾಟುತ್ತಿದ್ದೆವು, ಯಾವ ಮರದ ಬುಡದಲ್ಲಿ ದಾರಿ ಕವಲೊಡೆಯುತ್ತಿತ್ತು ಎಂಬದನ್ನು ಬಲ್ಲವರು ಈ ಮಳೆಗಾಲದೊಳಗೆ ಶಾಲೆಗೆ ಬರೆದು ತಿಳಿಸಿದರೆ, ಮಳೆ ನಿಂತು ಮಣ್ಣು ಗಟ್ಟಿಯಾಗುವದಕ್ಕೆ ಮುಂಚೆ ಕೆಲಸವನ್ನು ಮೊದಲುಮಾಡಬಹುದು.